ಬಾಗಿಲ ಮೇಲೆ ಬರೆದ ಮಾತು

(ಕರಾವಳಿಯ ಒಂದು ಕಾಲೇಜಿನ ಹಳೆ ವಿದ್ಯಾರ್ಥಿಗಳ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ಬಳಿ ಒಂದು ರಸೀದಿ ಇದೆ. 1974ರ ಫೆಬ್ರವರಿ ತಿಂಗಳದ್ದು. ತಿಳಿ ಗುಲಾಬಿ ಬಣ್ಣದ ಕಾಗದ. ಮಡಿಕೆ ಬಿದ್ದಲ್ಲಿ ಹರಿದದ್ದರಿಂದ ಹಿಂದೆ ಬೇರೆ ಕಾಗದ ಅಂಟಿಸಿಟ್ಟಿದ್ದೇನೆ. ಬಿ.ಎ. ಎರಡನೇ ವರ್ಷದ ಪರೀಕ್ಷಾ ಶುಲ್ಕ ಕಟ್ಟಿದ್ದಕ್ಕೆ ಕೊಟ್ಟ ರಸೀದಿ ಅದು. ಹಣ ಕಟ್ಟಿದವರು ಯಾರು ಎಂದು ಬರೆಯುವ ಸಾಲಿನಲ್ಲಿ ನನ್ನ ಹೆಸರೂ ಇಲ್ಲ, ಅಪ್ಪನ ಹೆಸರೂ ಇಲ್ಲ. ಗುಮಾಸ್ತರ ದುಂಡು ಅಕ್ಷರದಲ್ಲಿ 'ಹ.ವಿ.' ಎಂದಷ್ಟೇ ಇದೆ.

ಹಿಂದಿನ ಮಳೆಗಾಲದಲ್ಲಿ ನಮ್ಮ ತೋಟದ ಅಡಿಕೆಗೆ ಕೊಳೆರೋಗ ಬಂದು ಫಸಲು ನೆಲಕ್ಕೆ ಉದುರಿತ್ತು. ಶುಲ್ಕ ಕಟ್ಟುವ ಕೊನೆಯ ದಿನ ನಾನು ಕಚೇರಿಯ ಕಿಟಕಿಯ ಮುಂದೆ ನಿಂತದ್ದು, ಈ ಸಲ ಪರೀಕ್ಷೆಗೆ ಕೂರುವುದಿಲ್ಲ ಎಂದು ಹೇಳಲಿಕ್ಕೆ. ನಾನು ಬಾಯಿ ತೆರೆಯುವ ಮೊದಲೇ ಗುಮಾಸ್ತರು, "ನಿನ್ನದು ಕಟ್ಟಿ ಆಗಿದೆ ಮಾರಾಯ" ಎಂದು ರಸೀದಿ ಹರಿದು ಕೈಗಿಟ್ಟರು. ಯಾರು ಕಟ್ಟಿದ್ದು ಎಂದು ಕೇಳಿದೆ. "ಹಳೆ ವಿದ್ಯಾರ್ಥಿಯೊಬ್ಬರು. ಹೆಸರು ಹೇಳಬಾರದು ಎಂದಿದ್ದಾರೆ. ಹೋಗಿ ಓದಿಕೋ" ಎಂದರು. ಆ ಎರಡು ಅಕ್ಷರಗಳ ಹಿಂದೆ ಯಾರಿದ್ದರೆಂದು ಆಮೇಲೂ ನನಗೆ ತಿಳಿಯಲಿಲ್ಲ. ಮೂವತ್ತು ವರ್ಷ ಮೇಷ್ಟ್ರಾಗಿ ದುಡಿದು ನಿವೃತ್ತನಾದ ಮೇಲೂ ಆ ರಸೀದಿಯನ್ನು ಎಸೆಯಲು ಮನಸ್ಸು ಬಂದಿಲ್ಲ.

ಇಂದು ಮಾತಾಡಲು ನನಗೆ ಕೊಟ್ಟ ವಿಷಯ ಹಳೆ ವಿದ್ಯಾರ್ಥಿಗಳ ಕೊಡುಗೆ ಮತ್ತು ವಿದ್ಯಾರ್ಥಿವೇತನ. ನಮ್ಮ ಕಾಲೇಜಿನ ಬಗ್ಗೆ ಮಾತಾಡಿದರೆ ನೆನಪುಗಳೇ ಮುಂದೆ ಬಂದು ಲೆಕ್ಕ ಹಿಂದೆ ಉಳಿಯುತ್ತದೆ. ಆದ್ದರಿಂದ ದೂರದ ಒಂದು ಕಾಲೇಜಿನ ಕಥೆ ಹೇಳುತ್ತೇನೆ. ನನ್ನ ಮಗಳು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದಾಳೆ. ಅವಳ ಮನೆಗೆ ಹೋದಾಗಲೆಲ್ಲ ವುಸ್ಟರ್ ಎಂಬ ಊರಿನ ಒಂದು ಗುಡ್ಡ ಹತ್ತುವುದು ನನಗೆ ರೂಢಿಯಾಗಿಬಿಟ್ಟಿದೆ. ಅಲ್ಲಿನ ಮೂಲನಿವಾಸಿಗಳಾದ ನಿಪ್ಮಕ್ ಜನ ಆ ಗುಡ್ಡವನ್ನು ಪಕಚೋಗ್ ಎಂದು ಕರೆಯುತ್ತಿದ್ದರು. ಅದರ ಮೇಲೆ 1843ರಲ್ಲಿ ಹುಟ್ಟಿದ್ದು ಕಾಲೇಜ್ ಆಫ್ ದಿ ಹೋಲಿ ಕ್ರಾಸ್. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಅತ್ಯಂತ ಹಳೆಯ ಕಥೋಲಿಕ ಕಾಲೇಜು ಅದು. ನಡೆಸುವವರು ಯೇಸುಸಭೆಯವರು, ಅಂದರೆ ಜೆಸ್ವಿಟರು. ಇಟಲಿಯಿಂದ ಹೊರಟು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದು, ಒಂದೇ ವರ್ಷದಲ್ಲಿ, 1880ರ ಜನವರಿಯಲ್ಲಿ, ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರಲ್ಲ, ಅದೇ ಸಭೆ. ಆದ್ದರಿಂದ ನಾನು ಹೇಳಲಿರುವುದು ನಮಗೆ ತೀರಾ ಹೊರಗಿನವರ ಕಥೆಯಲ್ಲ. ನಮ್ಮ ಕರಾವಳಿಯ ಅನೇಕ ಮನೆಗಳ ಓದಿನ ಬೇರು ಅದೇ ಮಣ್ಣಿನಲ್ಲಿದೆ.

ಅದು ಲಿಬರಲ್ ಆರ್ಟ್ಸ್ ಕಾಲೇಜು. ಅಂದರೆ ಪದವಿ ತರಗತಿಗಳಷ್ಟೇ ಇರುವ, ಯಾವ ವಿಷಯವನ್ನು ಮುಖ್ಯವಾಗಿ ತೆಗೆದುಕೊಂಡರೂ ತತ್ತ್ವಶಾಸ್ತ್ರ, ಇತಿಹಾಸ, ವಿಜ್ಞಾನ, ಭಾಷೆಗಳನ್ನೆಲ್ಲ ಸ್ವಲ್ಪಸ್ವಲ್ಪ ಓದಿಸುವ ಸಣ್ಣ ಕಾಲೇಜು. ಹೋಲಿ ಕ್ರಾಸಿನಲ್ಲಿ ಸುಮಾರು ಮೂರು ಸಾವಿರ ಮಕ್ಕಳಿದ್ದಾರೆ. ಒಂದು ವರ್ಷದ ಬೋಧನಾ ಶುಲ್ಕವೇ ಈಗ 60 ಸಾವಿರ ಡಾಲರ್ ದಾಟಿದೆ. ಊಟ ವಸತಿ ಸೇರಿದರೆ 80 ಸಾವಿರಕ್ಕೂ ಮೇಲೆ. ಈ ಮೊತ್ತ ಕೇಳಿ ನೀವು ಹುಬ್ಬೇರಿಸುತ್ತೀರಿ. ಅಲ್ಲಿನ ತಂದೆತಾಯಿಯರೂ ಹುಬ್ಬೇರಿಸುತ್ತಾರೆ. ಆದರೆ ಅಲ್ಲಿ ಓದುವ ಬಹಳ ಮಕ್ಕಳು ಅಷ್ಟು ಹಣ ಕಟ್ಟುವುದಿಲ್ಲ. ಕುಟುಂಬಕ್ಕೆ ಎಷ್ಟು ಸಾಧ್ಯವೋ ಅಷ್ಟನ್ನು ಲೆಕ್ಕ ಹಾಕಿ, ಉಳಿದದ್ದನ್ನು ಕಾಲೇಜು ಹೊಂದಿಸಲು ನೋಡುತ್ತದೆ. ಹೀಗೆ ಹೊಂದಿಸುವ ಹಣದ ಒಂದು ದೊಡ್ಡ ಪಾಲು ಹಳೆ ವಿದ್ಯಾರ್ಥಿಗಳ ಜೇಬಿನಿಂದ ಬಂದದ್ದು. ಇಂದು ಕೊಟ್ಟದ್ದು, ಅಥವಾ ಎಂದೋ ಕೊಟ್ಟಿದ್ದರ ಬಡ್ಡಿ.

ಇದನ್ನು ನಾವು ದಾನ ಎಂದು ಕರೆಯುತ್ತೇವೆ. ಆ ಪದದ ಬಗ್ಗೆಯೇ ನನಗೆ ತಕರಾರು. ಅದು ಯಾಕೆ ಎಂದು ಹೇಳಬೇಕಾದರೆ ಇನ್ನೂ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

1551ರಲ್ಲಿ ರೋಮ್ ನಗರದ ಒಂದು ಬಾಡಿಗೆ ಮನೆಯಲ್ಲಿ ಜೆಸ್ವಿಟರು ಶಾಲೆ ತೆರೆದರು. ಬಾಗಿಲ ಮೇಲೆ ಒಂದು ಫಲಕ: ವ್ಯಾಕರಣ, ಮಾನವಿಕ ವಿದ್ಯೆಗಳು ಮತ್ತು ಕ್ರೈಸ್ತ ಬೋಧನೆಯ ಶಾಲೆ, ಉಚಿತ. ಕೊನೆಯ ಆ 'ಉಚಿತ' ಎಂಬ ಪದ ಅಲಂಕಾರಕ್ಕೆ ಬಿದ್ದದ್ದಲ್ಲ. ಪಾಠ ಹೇಳಿದ್ದಕ್ಕೆ ಹಣ ತೆಗೆದುಕೊಳ್ಳಬಾರದು ಎಂಬುದು ಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲ ಅವರ ಕಟ್ಟಪ್ಪಣೆ. "ಉಚಿತವಾಗಿ ಪಡೆದಿದ್ದೀರಿ, ಉಚಿತವಾಗಿ ಕೊಡಿ" ಎಂಬ ಸುವಾರ್ತೆಯ ವಾಕ್ಯವೇ ಅದಕ್ಕೆ ಆಧಾರ. ಹಾಗಾದರೆ ಮೇಷ್ಟ್ರುಗಳ ಊಟಕ್ಕೆ, ದೀಪದ ಎಣ್ಣೆಗೆ, ಕಟ್ಟಡದ ಮಾಡಿಗೆ ಹಣ ಎಲ್ಲಿಂದ? ಅದಕ್ಕೂ ವ್ಯವಸ್ಥೆ ಇತ್ತು. ಒಬ್ಬ ರಾಜನೋ ನಗರಸಭೆಯೋ ಶ್ರೀಮಂತ ವಿಧವೆಯೋ ಸ್ಥಾಪಕ ದಾನಿಯಾಗಿ ನಿಂತು ಭೂಮಿಯನ್ನೋ ಮೂಲಧನವನ್ನೋ ಕೊಟ್ಟ ಹೊರತು ಕಾಲೇಜು ತೆರೆಯುತ್ತಿರಲಿಲ್ಲ. ಉಂಬಳಿ ಇದ್ದರೆ ದೇವಸ್ಥಾನದಲ್ಲಿ ನಂದಾದೀಪ ಆರುವುದಿಲ್ಲ ಎನ್ನುತ್ತೇವಲ್ಲ, ಅದೇ ತರ್ಕ.

ಅಮೆರಿಕಕ್ಕೆ ಬಂದಾಗ ಈ ತರ್ಕ ಮುರಿದು ಬಿತ್ತು. ಅಲ್ಲಿ ಕಥೋಲಿಕರೆಂದರೆ ಹೆಚ್ಚಿನವರು ಬಡ ವಲಸಿಗರು. ರಾಜರಿಲ್ಲ, ಉಂಬಳಿ ಬಿಡುವವರಿಲ್ಲ. ಪಟ್ಟಣದ ಕಾಲೇಜುಗಳು ಸಾಲದಲ್ಲಿ ಮುಳುಗಿದವು. ಕೊನೆಗೆ 1833ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿ ಅಮೆರಿಕದ ಜೆಸ್ವಿಟರಿಗೆ ಶುಲ್ಕ ತೆಗೆದುಕೊಳ್ಳಲು ವಿನಾಯಿತಿ ಕೊಟ್ಟರು. ಅಂದರೆ ಜೆಸ್ವಿಟ್ ಕಾಲೇಜಿನ ಶುಲ್ಕ ಎಂಬುದು ಹುಟ್ಟಿದ್ದೇ ಒಂದು ವಿನಾಯಿತಿಯಾಗಿ. ಕೊಟ್ಟ ಮಾತನ್ನು ನಡೆಸಲಾಗದೆ ಕೇಳಿಕೊಂಡ ಕ್ಷಮೆ ಎಂದೇ ನಾನು ಅದನ್ನು ಓದುತ್ತೇನೆ. ಹಾಗೆ ಓದಿದರೆ ವಿದ್ಯಾರ್ಥಿವೇತನದ ಅರ್ಥವೇ ಬದಲಾಗುತ್ತದೆ. ಅದು ಬಡ ಹುಡುಗನ ಮೇಲೆ ಮಾಡುವ ಉಪಕಾರವಲ್ಲ. ಬಾಗಿಲ ಮೇಲಿನ ಆ ಪದವನ್ನು ಒಬ್ಬೊಬ್ಬ ಮಗುವಿನ ಮಟ್ಟಿಗೆ ಮತ್ತೆ ನಿಜ ಮಾಡುವ ಕೆಲಸ. ರಾಜನಿದ್ದ ಜಾಗದಲ್ಲಿ ಈಗ ಹಳೆ ವಿದ್ಯಾರ್ಥಿ ಬಂದು ನಿಂತಿದ್ದಾನೆ. ಅವನು ದಾನಿಯಲ್ಲ, ಸ್ಥಾಪಕ.

ಸ್ಥಾಪಕನ ಹಣ ಎಲ್ಲಿಂದ ಬಂತು ಎಂದೂ ಕೇಳಬೇಕಾಗುತ್ತದೆ. ಇಲ್ಲಿ ಕಥೆ ಕಪ್ಪಾಗುತ್ತದೆ. ಕಥೋಲಿಕ ಶಿಕ್ಷಣದ ಬಗ್ಗೆ ಹೆಮ್ಮೆ ಇರುವ ನಾನು ಅದನ್ನು ಹಾರಿಸಿ ಮುಂದೆ ಹೋಗಲಾರೆ.

ಮೇರಿಲ್ಯಾಂಡ್ ಪ್ರಾಂತ್ಯದ ಜೆಸ್ವಿಟರಿಗೆ ಹೊಗೆಸೊಪ್ಪಿನ ತೋಟಗಳಿದ್ದವು, ತೋಟಗಳಲ್ಲಿ ಗುಲಾಮರಿದ್ದರು. 1838ರಲ್ಲಿ ಪ್ರಾಂತ್ಯಾಧಿಕಾರಿಯಾಗಿದ್ದ ಪಾದ್ರಿ ಥಾಮಸ್ ಮುಲ್ಲೆಡಿ 272 ಗುಲಾಮರನ್ನು, ಗಂಡಸರು ಹೆಂಗಸರು ಮಕ್ಕಳು ಎಲ್ಲರನ್ನೂ, 1,15,000 ಡಾಲರಿಗೆ ಲೂಸಿಯಾನಾದ ತೋಟಗಾರರಿಗೆ ಮಾರಿದರು. ಆ ಹಣದ ಒಂದು ಭಾಗ ವಾಷಿಂಗ್ಟನ್ನಿನಲ್ಲಿ ಜೆಸ್ವಿಟರೇ ನಡೆಸುವ ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೆ ಹೋಯಿತು. ಐದು ವರ್ಷದ ನಂತರ ವುಸ್ಟರಿನ ಗುಡ್ಡದ ಮೇಲೆ ಹೋಲಿ ಕ್ರಾಸ್ ತೆರೆದಾಗ ಅದರ ಮೊದಲ ಅಧ್ಯಕ್ಷರಾಗಿ ಬಂದವರು ಇದೇ ಮುಲ್ಲೆಡಿ.

ಮರುವರ್ಷ ಆ ಕಾಲೇಜಿಗೆ ಜಾರ್ಜಿಯಾ ರಾಜ್ಯದಿಂದ ಹೀಲಿ ಎಂಬ ಮನೆತನದ ಹುಡುಗರು ಬಂದು ಸೇರಿದರು. ಅಪ್ಪ ಐರಿಷ್ ತೋಟಗಾರ. ಅಮ್ಮ ಎಲೈಝಾ ಅದೇ ತೋಟದ ಗುಲಾಮ ಹೆಣ್ಣು. ಜಾರ್ಜಿಯಾದ ಕಾನೂನಿನ ಪ್ರಕಾರ ಆ ಮಕ್ಕಳೂ ಗುಲಾಮರೇ. ಊರಿನಲ್ಲಿ ಅವರಿಗೆ ಅಕ್ಷರ ಕಲಿಸುವುದೂ ಅಪರಾಧ. ಹಿರಿಯವನಾದ ಜೇಮ್ಸ್ ಹೀಲಿ 1849ರಲ್ಲಿ ಹೋಲಿ ಕ್ರಾಸಿನ ಮೊಟ್ಟಮೊದಲ ಪದವಿ ತಂಡದಲ್ಲಿ ಮೊದಲ ಸ್ಥಾನ ಪಡೆದ. ಮುಂದೆ 1875ರಲ್ಲಿ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಬಿಷಪ್ ಆದ. ತಮ್ಮ ಪ್ಯಾಟ್ರಿಕ್ ಜಾರ್ಜ್‌ಟೌನಿನ ಅಧ್ಯಕ್ಷನಾದ. ಅವರ ಶುಲ್ಕ ಕಟ್ಟಿದ್ದು ಅಪ್ಪ, ತೋಟದ ಆದಾಯದಿಂದ. ಆ ತೋಟದಲ್ಲಿ ದುಡಿದವರು ಆ ಹುಡುಗರ ತಾಯಿಯಂಥವರೇ. ಗುಲಾಮರನ್ನು ಮಾರಿದವರು ಅಧ್ಯಕ್ಷರಾಗಿದ್ದ ಕಾಲೇಜು, ಗುಲಾಮಳ ಮಗನಿಗೆ ಮೊದಲ ಸ್ಥಾನ. ಇವೆರಡೂ ಒಂದೇ ಸೂರಿನ ಕೆಳಗೆ ನಡೆದವು. ಎರಡರಲ್ಲಿ ಒಂದನ್ನು ಮಾತ್ರ ಹೇಳುವ ಸ್ಮರಣಸಂಚಿಕೆಗಳನ್ನು ನಾನು ಒಪ್ಪುವುದಿಲ್ಲ.

ಜಾರ್ಜ್‌ಟೌನಿನ ಈಚಿನ ವಿದ್ಯಾರ್ಥಿಗಳು ಇದನ್ನು ಮರೆಯಲು ಒಪ್ಪಲಿಲ್ಲ. 2019ರ ಏಪ್ರಿಲಿನಲ್ಲಿ ಅವರು ಮತ ಹಾಕಿ, ಪ್ರತಿ ಸೆಮಿಸ್ಟರಿಗೆ ತಲಾ 27 ಡಾಲರ್ 20 ಸೆಂಟ್ ಹೆಚ್ಚುವರಿ ಶುಲ್ಕ ಕಟ್ಟಿ ಮಾರಲ್ಪಟ್ಟವರ ವಂಶಸ್ಥರಿಗಾಗಿ ಖರ್ಚು ಮಾಡಬೇಕೆಂದು ಬಹುಮತದಿಂದ ಹೇಳಿದರು. 272 ಜನ, ಅದಕ್ಕೆ 27.20. ಇನ್ನೂ ಹಳೆ ವಿದ್ಯಾರ್ಥಿಗಳೇ ಆಗದ ಇಪ್ಪತ್ತರ ಮಕ್ಕಳು, ತಾವು ಕೂತ ಬೆಂಚಿನ ಬೆಲೆಯನ್ನು ಯಾರು ತೆತ್ತರು ಎಂದು ಲೆಕ್ಕ ಹಾಕಿದರು. ಹೋಲಿ ಕ್ರಾಸಿನಲ್ಲಿ ಮುಲ್ಲೆಡಿಯ ಹೆಸರಿದ್ದ ವಸತಿನಿಲಯಕ್ಕೆ 2016ರಲ್ಲಿ ಜಾನ್ ಬ್ರೂಕ್ಸ್ ಎಂಬ ಇನ್ನೊಬ್ಬ ಪಾದ್ರಿಯ ಹೆಸರನ್ನು ಜೋಡಿಸಿದರು. ಆಮೇಲೆ ಮುಲ್ಲೆಡಿಯ ಹೆಸರು ಹೋಗಿ ಬ್ರೂಕ್ಸ್ ಅವರದೊಂದೇ ಉಳಿಯಿತು. ಬ್ರೂಕ್ಸ್ ಯಾರೆಂದು ಹೇಳುವ ಮೊದಲು ಬೆಂಕಿಯ ಕಥೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ.

1852ರ ಜುಲೈಯಲ್ಲಿ ಹೋಲಿ ಕ್ರಾಸಿನ ಕಟ್ಟಡ ಸುಟ್ಟು ಹೋಯಿತು. ಮುಚ್ಚಿಬಿಡೋಣ ಎಂಬ ಮಾತೂ ಬಂತು. ಬಾಸ್ಟನ್ನಿನ ಬಿಷಪ್ ಜಾನ್ ಫಿಟ್ಜ್‌ಪ್ಯಾಟ್ರಿಕ್ ಒಪ್ಪದೆ ಭಕ್ತರ ಮುಂದೆ ಕೈ ಚಾಚಿದರು. ಐರ್ಲೆಂಡಿನ ಕ್ಷಾಮದಿಂದ ತಪ್ಪಿಸಿಕೊಂಡು ಬಂದು ಕಾಲುವೆ, ರೈಲು ಹಳಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ಜನವೇ ಆಗ ಅವರ ಸಭೆಯ ಬಹುಭಾಗ. ಮರುವರ್ಷ ಕಾಲೇಜು ಮತ್ತೆ ತೆರೆಯಿತು. ಕೊಟ್ಟವರಲ್ಲಿ ಹೆಚ್ಚಿನವರು ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಸಂತ ಅಲೋಶಿಯಸ್ ಕಾಲೇಜಿಗೆ ಮಂಗಳೂರಿನ ಗುಡ್ಡದ ಜಾಗ ಬಿಟ್ಟುಕೊಟ್ಟ ಲೋಬೊ ಪ್ರಭು ಮನೆತನವನ್ನು ನಾವು ಇಂದಿಗೂ ನೆನೆಯುತ್ತೇವೆ, ನೆನೆಯಬೇಕು. ಆದರೆ ಒಂದು ಸೇರು ಅಕ್ಕಿ, ನಾಲ್ಕು ತೆಂಗಿನಕಾಯಿ ತಂದು ಚರ್ಚಿನ ಜಗಲಿಯಲ್ಲಿಟ್ಟು ಹೋದ ಕೈಗಳೂ ನಮ್ಮ ಊರ ಶಾಲೆಗಳ ಗೋಡೆಯಲ್ಲಿವೆ.

ಈಗ ಬ್ರೂಕ್ಸ್.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಆಗ ಹೋಲಿ ಕ್ರಾಸಿನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಪಾದ್ರಿ ಜಾನ್ ಬ್ರೂಕ್ಸ್ ಅಲ್ಲಿ ದೇವತಾಶಾಸ್ತ್ರ ಕಲಿಸುವ ಅಧ್ಯಾಪಕ. ಅಧ್ಯಕ್ಷರಾಗಿದ್ದವರು ರೇಮಂಡ್ ಸ್ವೋರ್ಡ್ಸ್. ಪ್ರವೇಶದ ಋತು ಮುಗಿಯುತ್ತಾ ಬಂದಿತ್ತು. ಬ್ರೂಕ್ಸ್ ಕಾಯಲಿಲ್ಲ. ಪ್ರವೇಶ ವಿಭಾಗದವರನ್ನು ಜೊತೆಗೆ ಕರೆದುಕೊಂಡು ಕಾರು ಹತ್ತಿ ಫಿಲಡೆಲ್ಫಿಯಾದ ಕಥೋಲಿಕ ಶಾಲೆಗಳಿಗೆ ಹೋಗಿ, ಪ್ರತಿಭೆ ಇರುವ ಕಪ್ಪು ಹುಡುಗರನ್ನು ಕಂಡು ಮಾತಾಡಿದರು. ಕಿಂಗ್ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಹುಟ್ಟಿತು. ಆ ವರ್ಷದ ತರಗತಿಗಳು ಶುರುವಾಗುವಾಗ ಸುಮಾರು ಇಪ್ಪತ್ತು ಹುಡುಗರು ಗುಡ್ಡ ಹತ್ತಿ ಬಂದರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೆಲಸಗಳ ಕ್ರಮ. ನಿಧಿ ಎಷ್ಟಿದೆ ಎಂದು ನೋಡಿ, ಅಷ್ಟಕ್ಕೆ ಎಷ್ಟು ಮಕ್ಕಳು ಎಂದು ಭಾಗಿಸಿ, ಅರ್ಜಿ ಕರೆಯುವುದು ಎಲ್ಲರ ಪದ್ಧತಿ. ಬ್ರೂಕ್ಸ್ ಮೊದಲು ಹುಡುಗರನ್ನು ಹುಡುಕಿದರು; ಹಣ ಹೊಂದಿಸುವ ಕೆಲಸವನ್ನು ಆಮೇಲೆ ಕಾಲೇಜಿನ ಹೆಗಲ ಮೇಲಿಟ್ಟರು. ಮಗು ಮನೆಗೆ ಬಂದ ಮೇಲೆ ಅಕ್ಕಿ ಡಬ್ಬಿ ನೋಡಿದ ಹಾಗೆ. ಹಿಂದೆ ನಮ್ಮಲ್ಲಿ ವಾರಾನ್ನದ ಹುಡುಗರಿಗೆ ಅನ್ನ ಇಡುತ್ತಿದ್ದ ಮನೆಗಳೂ ಹಾಗೆಯೇ ಇದ್ದವು. ನಮ್ಮ ಅಜ್ಜಿಯ ಮನೆಯಲ್ಲಿ ಮಂಗಳವಾರದ ಹುಡುಗ ಎಂದೇ ಒಬ್ಬನಿದ್ದ. ಮನೆಯಲ್ಲಿ ಏನಿದೆ ಏನಿಲ್ಲ ಎಂದು ನೋಡಿ ಅವನನ್ನು ಕರೆದದ್ದಲ್ಲ.

ಹೀಗೆ ಬಂದವರಲ್ಲಿ ಒಬ್ಬ ವಾಷಿಂಗ್ಟನ್ನಿನ ಎಡ್ವರ್ಡ್ ಜೋನ್ಸ್. ತಾಯಿಗೆ ಓದುಬರಹ ಬಾರದು. ಪಾತ್ರೆ ತೊಳೆದು, ಹೋಟೆಲಿನ ಕೋಣೆ ಗುಡಿಸಿ ಮಕ್ಕಳನ್ನು ಸಾಕಿದವಳು. ಬಾಡಿಗೆ ಕಟ್ಟಲಾಗದೆ ಮನೆ ಬಿಡುತ್ತಾ ಹೋಗಿ, ಹುಡುಗನಿಗೆ ಹದಿನೆಂಟು ವರ್ಷ ತುಂಬುವಷ್ಟರಲ್ಲಿ ಹದಿನೆಂಟು ಕಡೆ ವಾಸವಾಗಿತ್ತು. ನೆರೆಯಲ್ಲಿದ್ದ ಒಬ್ಬ ಯುವ ಜೆಸ್ವಿಟ್, ಹೋಲಿ ಕ್ರಾಸಿಗೆ ಅರ್ಜಿ ಹಾಕು ಎಂದ. 1972ರಲ್ಲಿ ಪದವಿ ಪಡೆದ ಆ ಹುಡುಗನಿಗೆ 2004ರಲ್ಲಿ ಕಾದಂಬರಿಗಾಗಿ ಪುಲಿಟ್ಜರ್ ಪ್ರಶಸ್ತಿ ಬಂತು. ಥಿಯೊಡೋರ್ ವೆಲ್ಸ್ ಎಂಬವರು ಅಮೆರಿಕದ ಹೆಸರಾಂತ ವಕೀಲರಲ್ಲಿ ಒಬ್ಬರಾದರು. ಸ್ಟ್ಯಾನ್ಲಿ ಗ್ರೇಸನ್ ನ್ಯೂಯಾರ್ಕ್ ನಗರದ ಉಪಮೇಯರ್ ಆದರು. ಜಾರ್ಜಿಯಾದ ಬಡ ಹಳ್ಳಿಯಲ್ಲಿ ಹುಟ್ಟಿ, ಅಜ್ಜನ ಮನೆಯಲ್ಲಿ ಬೆಳೆದ ಕ್ಲಾರೆನ್ಸ್ ಥಾಮಸ್ 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

ಥಾಮಸ್ ಅವರ ಹೆಸರನ್ನು ಬೇಕೆಂದೇ ಕೊನೆಗೆ ಇಟ್ಟೆ. ಜನಾಂಗ ನೋಡಿ ಪ್ರವೇಶ ಕೊಡುವುದನ್ನು ಅವರು ದಶಕಗಳಿಂದ ವಿರೋಧಿಸಿದ್ದಾರೆ. 2023ರಲ್ಲಿ ಅದನ್ನು ಕಾನೂನುಬಾಹಿರ ಎಂದ ತೀರ್ಪಿನಲ್ಲಿ ಅವರದೂ ಮತವಿದೆ. ಅವರ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ. ಆದರೂ ಆ ವಿದ್ಯಾರ್ಥಿವೇತನ ವ್ಯರ್ಥವಾಯಿತು ಎಂದು ಯಾರಾದರೂ ಹೇಳಿದರೆ ಅದನ್ನೂ ನಾನು ಒಪ್ಪುವುದಿಲ್ಲ. ಒಬ್ಬ ಹುಡುಗನಿಗೆ ಯೋಚಿಸುವ ಶಕ್ತಿ ಕೊಡಲು ಹೊರಟವರು, ಅವನು ನಮ್ಮಂತೆಯೇ ಯೋಚಿಸಬೇಕು ಎಂದು ಕರಾರು ಹಾಕಬಾರದು. ಕರಾರು ಹಾಕಿದರೆ ಅದು ಸ್ಥಾಪಕನ ಕೆಲಸವಾಗದೆ ಒಕ್ಕಲು ಇಟ್ಟುಕೊಂಡ ಧಣಿಯ ಕೆಲಸವಾಗುತ್ತದೆ.

ಕರೆತಂದು ಸೇರಿಸಿದರೆ ಸಾಲದು ಎಂಬ ಪಾಠವೂ ಆ ಗುಡ್ಡದ ಮೇಲೆ ಆಯಿತು. 1969ರ ಡಿಸೆಂಬರಿನಲ್ಲಿ ಒಂದು ಪ್ರತಿಭಟನೆಗೆ ಸಂಬಂಧಿಸಿ ಕಾಲೇಜು ಶಿಸ್ತುಕ್ರಮ ಕೈಗೊಂಡಾಗ, ಬಿಳಿಯರೇ ಬಹುಪಾಲಿದ್ದ ಗುಂಪಿನಲ್ಲಿ ಕಪ್ಪು ಹುಡುಗರನ್ನು ಅವರ ಸಂಖ್ಯೆಗೆ ಮೀರಿದ ಪ್ರಮಾಣದಲ್ಲಿ ಗುರುತಿಸಿ ಹೆಸರು ಬರೆದಿದ್ದರು. ಉಳಿದ ಕಪ್ಪು ವಿದ್ಯಾರ್ಥಿಗಳು ತಮ್ಮ ಗುರುತಿನ ಚೀಟಿಗಳನ್ನು ಮರಳಿಸಿ, ಪೆಟ್ಟಿಗೆ ಕಟ್ಟಿಕೊಂಡು ಕಾಲೇಜು ಬಿಟ್ಟರು. ವಿದ್ಯಾರ್ಥಿವೇತನ ಹೋದರೆ ಹೋಗಲಿ, ಮಾನ ಉಳಿಯಲಿ ಎಂದು ಹೊರಟವರು ಅವರು. ಅಧ್ಯಕ್ಷ ಸ್ವೋರ್ಡ್ಸ್ ಶಿಕ್ಷೆಯನ್ನು ಹಿಂತೆಗೆದುಕೊಂಡ ಮೇಲೆ ಮರಳಿ ಬಂದರು. ಮರುವರ್ಷ ಬ್ರೂಕ್ಸ್ ಅವರೇ ಅಧ್ಯಕ್ಷರಾಗಿ 1994ರವರೆಗೆ ಇದ್ದರು. ಅವರ ಕಾಲದಲ್ಲಿ, 1972ರಲ್ಲಿ, ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಮುಲ್ಲೆಡಿ ಕೂತಿದ್ದ ಆ ಅಧ್ಯಕ್ಷ ಪೀಠದಲ್ಲಿ 2021ರಿಂದ ವಿನ್ಸೆಂಟ್ ರೂಜೋ ಇದ್ದಾರೆ. ಅಲ್ಲಿ ಪಾದ್ರಿಯಲ್ಲದ ಮೊದಲ ಅಧ್ಯಕ್ಷರೂ ಅವರೇ, ಕಪ್ಪು ಜನಾಂಗದ ಮೊದಲ ಅಧ್ಯಕ್ಷರೂ ಅವರೇ.

ಮಾನದ ಮಾತು ಬಂದದ್ದರಿಂದ ನನ್ನದೊಂದು ನೋವನ್ನೂ ಹೇಳಿಬಿಡುತ್ತೇನೆ. ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಪ್ರತಿ ವರ್ಷ ವಿದ್ಯಾರ್ಥಿವೇತನ ವಿತರಣಾ ಸಮಾರಂಭ ನಡೆಯುತ್ತಿತ್ತು. ಶಾಮಿಯಾನ, ಹಾರ, ಶಾಲು. ದಾನಿಗಳು ವೇದಿಕೆಯ ಮೇಲೆ ಕುರ್ಚಿಯಲ್ಲಿ, ಮಕ್ಕಳು ಕೆಳಗೆ ಸಾಲಿನಲ್ಲಿ. ಒಂದು ವರ್ಷ ನಿರೂಪಕರು ಪ್ರತಿ ಹೆಸರಿನ ಜೊತೆ ತಂದೆಯ ಉದ್ಯೋಗ, ವಾರ್ಷಿಕ ಆದಾಯ ಎಲ್ಲವನ್ನೂ ಮೈಕಿನಲ್ಲಿ ಓದಿದರು. ನನ್ನ ತರಗತಿಯ ಒಬ್ಬ ಹುಡುಗಿ, ಅವಳ ತಂದೆ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಹೊರುವವರು, ತನ್ನ ಹೆಸರು ಕರೆದಾಗ ಎದ್ದು ನಿಂತಳು, ವೇದಿಕೆಯ ಕಡೆ ನಾಲ್ಕು ಹೆಜ್ಜೆ ಇಟ್ಟಳು, ಆಮೇಲೆ ತಿರುಗಿ ಸಭಾಂಗಣದ ಹಿಂಬಾಗಿಲಿನಿಂದ ಹೊರಗೆ ಹೋದಳು. ಎಡಗೈಯಲ್ಲಿ ಅವಳ ಚಪ್ಪಲಿಗಳಿದ್ದವು. ವೇದಿಕೆ ಹತ್ತುವಾಗ ಚಪ್ಪಲಿ ಬಿಡಬೇಕು ಎಂದು ಯಾರೋ ಹೇಳಿದ್ದರಂತೆ. ಅವಳ ಚೆಕ್ಕು ಮೇಜಿನ ಮೇಲೆಯೇ ಉಳಿಯಿತು. ಮರುದಿನ ನಾನು ಅದನ್ನು ಲಕೋಟೆಯಲ್ಲಿಟ್ಟು ಕೊಡಲು ಹೋದಾಗ, "ಬೇಡ ಸಾರ್, ಅಪ್ಪನಿಗೆ ಗೊತ್ತಾದರೆ ಬೇಸರ ಮಾಡಿಕೊಳ್ಳುತ್ತಾರೆ" ಎಂದಳು. 1974ರಲ್ಲಿ ಕಿಟಕಿಯ ಆಚೆಯಿಂದ ರಸೀದಿ ಕೊಟ್ಟ ಗುಮಾಸ್ತರ ಬೆಲೆ ನನಗೆ ಸರಿಯಾಗಿ ತಿಳಿದದ್ದು ಆ ದಿನ.

ಈಗ ಲೆಕ್ಕಕ್ಕೆ ಬರುತ್ತೇನೆ. ಸ್ವಲ್ಪ ಸಹಿಸಿಕೊಳ್ಳಿ, ಇದು ಮುಖ್ಯ.

ಅಮೆರಿಕದ ಕಾಲೇಜುಗಳು ದತ್ತಿನಿಧಿಯನ್ನು ಹೂಡಿಕೆ ಮಾಡಿ, ಪ್ರತಿ ವರ್ಷ ಅದರ ನೂರಕ್ಕೆ ನಾಲ್ಕೈದು ಪಾಲನ್ನಷ್ಟೇ ಖರ್ಚಿಗೆ ತೆಗೆಯುತ್ತವೆ. ಉಳಿದ ಗಳಿಕೆಯನ್ನು ಮೂಲಕ್ಕೇ ಸೇರಿಸುತ್ತವೆ, ಬೆಲೆಯೇರಿಕೆ ನುಂಗದಿರಲಿ ಎಂದು. ಹೋಲಿ ಕ್ರಾಸಿನ ನಿಧಿ ಈಗ ನೂರು ಕೋಟಿ ಡಾಲರಿಗೂ ಮೇಲಿದೆ. ನಮ್ಮ ಕಾಲೇಜುಗಳಲ್ಲಿ ಆಗುವುದು ಬೇರೆ. ಅಜ್ಜನ ಹೆಸರಿನಲ್ಲಿ 1985ರಲ್ಲಿ ಐದು ಸಾವಿರ ರೂಪಾಯಿ ಠೇವಣಿ ಇಡುತ್ತಾರೆ. ಬಡ್ಡಿಯೆಲ್ಲ ಆ ವರ್ಷವೇ ಹಂಚಿ ಹೋಗುತ್ತದೆ, ಮೂಲಧನ ಇದ್ದಷ್ಟೇ ಇರುತ್ತದೆ. ನೂರಕ್ಕೆ ಏಳರಂತೆ ಇಂದು ಆ ದತ್ತಿಯಿಂದ ಒಂದು ಮಗುವಿಗೆ ಸಿಗುವುದು 350 ರೂಪಾಯಿ. ಅರ್ಜಿಗೆ ಅಂಟಿಸಲು ಫೋಟೊ ತೆಗೆಸಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಎರಡು ಸಲ ಬಸ್ಸಿನಲ್ಲಿ ಓಡಾಡಿದರೆ ಅಷ್ಟೇ ಖರ್ಚಾಗುತ್ತದೆ. ಹಿರಿಯರ ಹೆಸರು ಉಳಿಯಿತು, ಅವರ ಉದ್ದೇಶ ಸತ್ತಿತು. ಇಂಥ ದತ್ತಿಗಳು ನಮ್ಮಲ್ಲೂ ಹಲವು ಇವೆ. ಅವುಗಳನ್ನು ಒಗ್ಗೂಡಿಸಿ, ಬಡ್ಡಿಯ ಒಂದು ಪಾಲನ್ನು ಪ್ರತಿ ವರ್ಷ ಮೂಲಕ್ಕೆ ಸೇರಿಸಲು ದಾನಿಗಳ ಕುಟುಂಬಗಳ ಒಪ್ಪಿಗೆ ಕೇಳಬೇಕು ಎಂಬುದು ನನ್ನ ಮೊದಲ ಬೇಡಿಕೆ.

ಎರಡನೆಯದು ಇನ್ನೂ ಮುಖ್ಯ. ಹೋಲಿ ಕ್ರಾಸಿನಂಥ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 50 ಸಾವಿರ ಡಾಲರ್ ಕೊಡಬೇಕಾದರೆ, ನೂರಕ್ಕೆ ಐದರಂತೆ, 10 ಲಕ್ಷ ಡಾಲರ್ ಮೂಲಧನ ಬೇಕು. ಅಷ್ಟು ಕೊಡಬಲ್ಲವರು ಸಾವಿರಕ್ಕೊಬ್ಬರು. ಆದರೆ ಅದೇ 50 ಸಾವಿರವನ್ನು ಒಂದು ಸಾವಿರ ಜನ ತಲಾ 50 ಡಾಲರ್ ಹಾಕಿಯೂ ತುಂಬಬಹುದು. ಅಂದರೆ ಪ್ರತಿ ವರ್ಷ ತಪ್ಪದೆ 50 ಡಾಲರ್ ಕೊಡುವ ಸಾವಿರ ಜನ ಹಳೆ ವಿದ್ಯಾರ್ಥಿಗಳು, 10 ಲಕ್ಷ ಡಾಲರ್ ಕೊಟ್ಟ ಒಬ್ಬ ಕುಬೇರನಿಗೆ ಸಮ. ಒಂದೇ ವ್ಯತ್ಯಾಸ: ಅವರು ಮರುವರ್ಷವೂ ಕೊಡಬೇಕು. ಹಳೆ ವಿದ್ಯಾರ್ಥಿಗಳಿಂದ ವರ್ಷವರ್ಷವೂ ಸಣ್ಣ ಮೊತ್ತ ಎತ್ತುವ ಪದ್ಧತಿಯನ್ನು ಅಮೆರಿಕದಲ್ಲಿ ಮೊದಲು ಕಟ್ಟಿದ್ದು ಯೇಲ್ ವಿಶ್ವವಿದ್ಯಾಲಯ, 1890ರಲ್ಲಿ. ಒಂದೇ ವರ್ಷ ಪದವಿ ಪಡೆದ ಪ್ರತಿ ತಂಡಕ್ಕೂ ಒಬ್ಬ ಸಹಪಾಠಿಯೇ ಹೊಣೆ. ಕಾಲೇಜಿನ ಕಚೇರಿಯಿಂದ ಬಂದ ಪತ್ರವನ್ನು ಮೂಲೆಗಿಟ್ಟವನೂ ಒಂದೇ ಬೆಂಚಿನಲ್ಲಿ ಕೂತ ಗೆಳೆಯನ ಪತ್ರಕ್ಕೆ ಉತ್ತರಿಸುತ್ತಾನೆ. ಕಥೋಲಿಕ ಕಾಲೇಜುಗಳೂ ಇದನ್ನು ಕಲಿತವು, ಹೀಗೆ ಕೊಡುವುದರಲ್ಲಿ ಹೋಲಿ ಕ್ರಾಸಿನ ಹಳೆ ವಿದ್ಯಾರ್ಥಿಗಳು ಹೆಸರಾದವರು.

ದೊಡ್ಡ ಮೊತ್ತ ಕೊಡುವವರು ಹೆಚ್ಚಾಗಿ ಕಟ್ಟಡ ಕೇಳುತ್ತಾರೆ, ಫಲಕ ಕೇಳುತ್ತಾರೆ. ಅದನ್ನು ನಾನು ಹೀಗಳೆಯುವುದಿಲ್ಲ, ಕಟ್ಟಡವೂ ಬೇಕು. ಆದರೆ ಸಣ್ಣ ಮೊತ್ತಕ್ಕೆ ಯಾರೂ ಕರಾರು ಬರೆಯುವುದಿಲ್ಲ. ಮಾರ್ಚಿಯಲ್ಲಿ ಒಬ್ಬ ಹುಡುಗನ ತಂದೆ ತೀರಿಕೊಂಡರೆ, ಒಬ್ಬಳ ಮನೆಗೆ ನೆರೆ ನುಗ್ಗಿದರೆ, ಪ್ರಾಂಶುಪಾಲರು ಅದೇ ದಿನ ತೆಗೆದು ಕೊಡಲು ಸಾಧ್ಯವಾಗುವುದು ಆ ಹಣ ಮಾತ್ರ. ನನ್ನ ರಸೀದಿಯಲ್ಲಿದ್ದದ್ದು ಅಂಥ ಹಣ.

ಪಡೆದವರೇ ಕೊಡುವವರಾಗುವುದಕ್ಕೂ ಆ ಗುಡ್ಡದಲ್ಲಿ ಸಾಕ್ಷಿ ಇದೆ. ಎಡ್ವರ್ಡ್ ಬೆನೆಟ್ ವಿಲಿಯಮ್ಸ್ ವಿದ್ಯಾರ್ಥಿವೇತನದಿಂದಲೇ ಓದಿ 1941ರಲ್ಲಿ ಪದವಿ ಪಡೆದವರು. ಮುಂದೆ ವಾಷಿಂಗ್ಟನ್ನಿನ ಅತಿ ಪ್ರಭಾವಿ ವಕೀಲರಾಗಿ, ಕಾಲೇಜಿನ ಟ್ರಸ್ಟಿಗಳಲ್ಲಿ ಒಬ್ಬರಾದರು.

ಶೇಕಡಾವಾರಿನ ಗೀಳಿನ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಒಂದು ಪತ್ರಿಕೆ ಕಾಲೇಜುಗಳ ರ್ಯಾಂಕಿಂಗ್ ಮಾಡುವಾಗ ಹಳೆ ವಿದ್ಯಾರ್ಥಿಗಳಲ್ಲಿ ಎಷ್ಟು ಪಾಲು ಜನ ಕೊಟ್ಟರು ಎಂಬುದಕ್ಕೂ ಅಂಕ ಕೊಡುತ್ತಿತ್ತು. ಹೀಗಾಗಿ ಹಣಕ್ಕಿಂತ ತಲೆ ಎಣಿಕೆಯೇ ಕೆಲವೆಡೆ ಗುರಿಯಾಯಿತು. 2023ರಲ್ಲಿ ಆ ಅಂಶವನ್ನು ಪತ್ರಿಕೆ ಕೈಬಿಟ್ಟಿತು. ಒಳ್ಳೆಯದಾಯಿತು. ವಿದೇಶದಲ್ಲಿರುವ ನಮ್ಮವರಿಗೆ ಒಂದು ಮಾತು: ಬೇರೆ ದೇಶದ ಪೌರತ್ವ ಪಡೆದವರು ಕಳಿಸುವ ಹಣಕ್ಕೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕಾಗುತ್ತದೆ. ಕಚೇರಿಯಲ್ಲಿ ಕೇಳಿಯೇ ಕಳಿಸಿ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು, "ನನ್ನ ಹಣ ನನ್ನ ಸಮುದಾಯದ ಮಗುವಿಗೇ ಹೋಗಬೇಕು ಎಂದರೆ ತಪ್ಪೇ?" ಎಂದು ಕೇಳಿದರು. ತಪ್ಪು ಎಂದು ನಾನು ಹೇಳಲಿಲ್ಲ. ತನ್ನ ಕೇರಿಯ ಕಷ್ಟ ತನಗೆ ಮೊದಲು ಕಾಣುವುದು ಸಹಜ. ಆದರೆ ದತ್ತಿಪತ್ರದಲ್ಲಿ ಇನ್ನೊಂದು ಸಾಲು ಬರೆಸಿರಿ ಎಂದೆ: ಆ ವರ್ಷ ಅಂಥ ಮಗು ಇಲ್ಲದಿದ್ದರೆ ಬೇರೆ ಯಾವುದೇ ಬಡ ಮಗುವಿಗೆ ಕೊಡತಕ್ಕದ್ದು. ಆ ಒಂದು ಸಾಲು ಇಲ್ಲದೆ, ಹಣ ಬ್ಯಾಂಕಿನಲ್ಲಿ ಕೂತು, ಮಗು ಮನೆಯಲ್ಲಿ ಕೂತದ್ದನ್ನು ನಾನು ನೋಡಿದ್ದೇನೆ. ಅವರು ಜೇಬಿನಿಂದ ಪುಟ್ಟ ಡೈರಿ ತೆಗೆದು ಬರೆದುಕೊಂಡರು.

ಕೊನೆಯ ಸಾಲಿನಲ್ಲಿದ್ದ ಪದವಿ ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದು, "ನನಗೂ ಈ ವರ್ಷ ವಿದ್ಯಾರ್ಥಿವೇತನ ಬಂದಿದೆ. ಮುಂದೆ ನಾನು ಅದನ್ನು ಮರಳಿ ಕೊಡಬೇಕೇ ಸಾರ್?" ಎಂದಳು. ಸಭೆಯಲ್ಲಿ ಕೆಲವರು ನಕ್ಕರು. ನಗುವ ಪ್ರಶ್ನೆಯಲ್ಲ ಅದು. ಬೇಡ ಮಗಳೇ, ಅದು ಸಾಲವಲ್ಲ ಎಂದೆ. ಆದರೆ ಜೋನ್ಸ್ ಎಂಬ ಹುಡುಗ ಹದಿನೆಂಟು ವರ್ಷದಲ್ಲಿ ಹದಿನೆಂಟು ಮನೆ ಬದಲಿಸಿದ್ದು ನೆನಪಿದೆಯಲ್ಲ? ನೀನೂ ಊರು ಬಿಡುತ್ತೀ, ಮನೆ ಬದಲಿಸುತ್ತೀ, ಮೊಬೈಲ್ ನಂಬರು ಬದಲಾಗುತ್ತದೆ. ಹಾಗೆ ಬದಲಾದಾಗಲೆಲ್ಲ ಕಾಲೇಜಿನ ಕಚೇರಿಗೆ ಒಂದು ಪತ್ರ ಹಾಕಿ ಹೊಸ ವಿಳಾಸ ತಿಳಿಸು. ಸದ್ಯಕ್ಕೆ ಅಷ್ಟು ಸಾಕು ಎಂದೆ.